ಲೆಕ್ಕದ ಟೀಚರ್ ಮತ್ತು ಐದು ಖಾಲಿ ಕುರ್ಚಿಗಳು

ಕಳೆದ ವಾರ ಕಪಾಟು ಖಾಲಿ ಮಾಡುವಾಗ ನನ್ನ ಹಳೆಯ ಜರ್ಕಿನ್ನಿನ ಒಳಜೇಬಿನಲ್ಲಿ ಹತ್ತಿಯ ಎರಡು ಉಂಡೆಗಳು ಸಿಕ್ಕಿದವು. ಒಣಗಿ ಹಳದಿಯಾಗಿದ್ದವು. ಹಳೆಯ ತೆಂಗಿನೆಣ್ಣೆಯ ಕಮಟು ವಾಸನೆ ಬರುತ್ತಿತ್ತು. ಹೆಂಡತಿ ಅವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಶೀ, ಇದೆಂತ? ಯಾರ ಕಿವಿಯದ್ದು?” ಎಂದಳು. “ಟೀಚರ್ ಕೊಟ್ಟದ್ದು” ಎಂದೆ. ಕಸದ ಬುಟ್ಟಿಯ ಕಡೆಗೆ ಹೊರಟಿದ್ದ ಅವಳ ಕೈ ಅಲ್ಲಿಯೇ ನಿಂತಿತು. ಉಂಡೆಗಳನ್ನು ಮೇಜಿನ ಮೇಲಿಟ್ಟು, ಉಳಿದ ಬಟ್ಟೆ ಮಡಚತೊಡಗಿದಳು. ನಾನು ಮಾತ್ರ ಅರ್ಧ ಗಂಟೆ ಅಲ್ಲಿಯೇ ಕೂತಿದ್ದೆ...

ಮಂಗಳೂರಿನ ಬೋಳಾರದ ನಮ್ಮ ಶಾಲೆಯಲ್ಲಿ ಎಂಟನೆಯಿಂದ ಹತ್ತನೆಯ ತರಗತಿಯವರೆಗೆ ಅವರು ನಮಗೆ ಲೆಕ್ಕ ಕಲಿಸಿದರು. ಕುಳ್ಳಗಿನ ದೇಹ, ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೊನೆಯ ಬೆಂಚಿನವರೆಗೂ ತಲುಪುವ ಸ್ವರ. ಅವರು ಯಾರಿಗೂ ಹೊಡೆದವರಲ್ಲ. ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ನಮ್ಮ ಮುಖವನ್ನೇ ನೋಡುತ್ತ ಸುಮ್ಮನೆ ನಿಲ್ಲುತ್ತಿದ್ದರು. ಒಂದು ಪೆಟ್ಟು ಕೊಟ್ಟಿದ್ದರೆ ಬೇಗ ಮುಗಿಯುತ್ತಿತ್ತು. ನನಗಂತೂ ಭಾಗಾಕಾರ ಯಾವತ್ತೂ ಸರಿ ಬಂದದ್ದಿಲ್ಲ. ಸಮವಾಗಿ ಹೋಗಬೇಕಾದ ಲೆಕ್ಕದಲ್ಲೂ ನನ್ನ ಪುಸ್ತಕದಲ್ಲಿ ಏನಾದರೊಂದು ಉಳಿಯುತ್ತಿತ್ತು. ಹಾಗಾಗಿ ನನಗೆ ‘ಶೇಷ’ ಎಂದು ಹೆಸರಿಟ್ಟರು. ಹೊಸದಾಗಿ ಬಂದ ಡ್ರಿಲ್ ಮಾಸ್ಟರು ಅದೇ ನನ್ನ ನಿಜವಾದ ಹೆಸರೆಂದು ತಿಳಿದು ಕ್ರೀಡಾಕೂಟದ ಸರ್ಟಿಫಿಕೇಟಿನಲ್ಲೂ ಹಾಗೆಯೇ ಬರೆದರು. ಅಮ್ಮ ಅದನ್ನು ಈಗಲೂ ಇಟ್ಟುಕೊಂಡಿದ್ದಾಳೆ.

ಶಾಲೆ ಬಿಟ್ಟ ಮೇಲೆ ಹತ್ತು ವರ್ಷ ಅವರನ್ನು ಕಂಡಿರಲಿಲ್ಲ. ನಾನು ಫಳ್ನೀರಿನ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ್ದೆ. ಒಂದು ದಿನ, ನಾನು ಫೋನಿನಲ್ಲಿ ಕೇಳಿ ಕೇಳಿ ಹುಚ್ಚು ಹಿಡಿಸಿಕೊಂಡಿದ್ದ ಒಂದು ಬ್ಯಾಂಡಿನವರು ಮಂಗಳೂರಿಗೆ ಬರುತ್ತಾರೆಂದು ಗೊತ್ತಾಯಿತು. ಮನೆಯಲ್ಲಿ “ಭಾನುವಾರ ಬ್ಯಾಂಡ್ ಕೇಳ್ಲಿಕ್ಕೆ ಹೋಗ್ತೇನೆ” ಎಂದೆ. ಅಮ್ಮ, “ಯಾರ ಮದುವೆ?” ಎಂದಳು.

ನಾವು ಆರು ಜನ ಹೋಗುವುದೆಂದು ತೀರ್ಮಾನವಾಗಿತ್ತು. ಗುರುವಾರ ಒಬ್ಬನಿಗೆ ಜ್ವರ ಬಂತು. ಶುಕ್ರವಾರ ಒಬ್ಬನ ಮನೆಗೆ ಅತ್ತೆ ಬಂದರು. ಶನಿವಾರ ಇಬ್ಬರಿಗೆ ಕಾರಣವೂ ಬೇಕಾಗಲಿಲ್ಲ, ಬರುವುದಿಲ್ಲ ಎಂದರು, ಅಷ್ಟೇ. ಐದನೆಯವನು ಭಾನುವಾರ ಮಧ್ಯಾಹ್ನ ಫೋನ್ ಮಾಡಿ, “ಮೋಡ ಉಂಟು ಮಾರಾಯ” ಎಂದ. ಜನವರಿ ತಿಂಗಳು ಅದು.

ಒಬ್ಬನೇ ಹೋಗುವುದೆಂದರೆ ನನಗೆ ಆಗ ಜೀವವೇ ಹೋದ ಹಾಗೆ. ಹೋಟೆಲಿಗೆ ಒಬ್ಬನೇ ಹೋದರೂ ಯಾರನ್ನೋ ಕಾಯುತ್ತಿದ್ದೇನೆ ಎಂಬಂತೆ ಬಾಗಿಲು ನೋಡುತ್ತ ದೋಸೆ ತಿನ್ನುವವನು ನಾನು. ಆದರೆ ಆ ಹಾಡುಗಳನ್ನು ಎದುರಿನಲ್ಲಿ ಕೇಳಬೇಕೆಂಬ ಆಸೆ ನಾಚಿಕೆಗಿಂತ ಒಂದು ಕೂದಲೆಳೆಯಷ್ಟು ದೊಡ್ಡದಿತ್ತು. ಹೋದೆ.

ಕಂಕನಾಡಿಯಿಂದ ಸ್ವಲ್ಪ ಆಚೆಗಿನ ಸಭಾಂಗಣ. ಮೊದಲು ಬಂದವರಿಗೆ ಮೊದಲ ಕುರ್ಚಿ. ನಾನು ಬೇಗನೆ ಹೋಗಿ ನಾಲ್ಕನೆಯ ಸಾಲಿನಲ್ಲಿ ಕೂತೆ. ಸುತ್ತಲೂ ಗುಂಪುಗುಂಪಾಗಿ ಜನ ಬರತೊಡಗಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎನಿಸಿತು. ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಪಕ್ಕದ ಕುರ್ಚಿಯ ಮೇಲೆ ಕರ್ಚೀಫು ಹಾಸಿದೆ. ಅದರ ಪಕ್ಕದ್ದಕ್ಕೆ ಹೆಲ್ಮೆಟ್. ಮತ್ತೊಂದಕ್ಕೆ ನೀರಿನ ಬಾಟಲಿ. ಇನ್ನೊಂದು ಬದಿಗೆ ಜರ್ಕಿನ್, ಅದರಾಚೆ ಬೈಕಿನ ಕೀ. ಒಬ್ಬನೇ ಬಂದವನು ಈಗ ಐದು ಜನರನ್ನು ಕಾಯುತ್ತಿರುವ ಗಣ್ಯನಾದೆ.

“ಇಲ್ಲಿ ಜನ ಉಂಟಾ?”

“ಉಂಟು, ಉಂಟು. ಪಾರ್ಕಿಂಗಿನಲ್ಲಿದ್ದಾರೆ.”

ಅರ್ಧ ಗಂಟೆ ಈ ಐದು ಕುರ್ಚಿಗಳಿಗಾಗಿ ಹೋರಾಡಿದೆ. ಒಂದು ದೊಡ್ಡ ಸಂಸಾರ ಬಂದು ನಿಂತು, ಪಾರ್ಕಿಂಗಿನಲ್ಲಿ ಯಾರೂ ಇಲ್ಲ, ನಾವು ಅಲ್ಲಿಂದಲೇ ಬಂದದ್ದು ಎಂದು ವಾದಕ್ಕಿಳಿಯಿತು. ನಾನು ಸ್ವರ ಏರಿಸಿದೆ. ಅಷ್ಟರಲ್ಲಿ ನನ್ನ ಹಿಂದಿನಿಂದ ಒಂದು ಕೈ ಬಂದು ಕರ್ಚೀಫನ್ನು ತುದಿಯಲ್ಲಿ ಹಿಡಿದೆತ್ತಿತು.

“ಇದು ಯಾರದ್ದು?”

ಆ ಸ್ವರಕ್ಕೆ ನಾನು ತಾನಾಗಿಯೇ ಎದ್ದು ನಿಂತುಬಿಟ್ಟೆ. ಅದೇ ಕಾಟನ್ ಸೀರೆ. ಕೂದಲು ಮಾತ್ರ ಪೂರ್ತಿ ಬೆಳ್ಳಗಾಗಿತ್ತು. ಕಂಕುಳಲ್ಲಿ ಒಂದು ಸಣ್ಣ ದಿಂಬು.

“ನನ್ನ... ಸ್ನೇಹಿತರದ್ದು, ಟೀಚರ್.”

“ಎಷ್ಟು ಜನ?”

“ಐದು.”

“ಅದರಲ್ಲಿ ಬರುವವರು ಎಷ್ಟು?”

ಮತ್ತೆ ಅದೇ ಮೌನ. ಅದೇ ನೋಟ. ಸುತ್ತಲಿನ ಎರಡು ಸಾಲಿನವರು ಉತ್ತರಕ್ಕಾಗಿ ಕಾಯುತ್ತಿದ್ದರು.

“ಸೊನ್ನೆ” ಎಂದೆ.

“ಆರರಿಂದ ಐದು ಹೋಯಿತು. ಇಲ್ಲಿಯೂ ಉಳಿದದ್ದು ನೀನೇಯಾ ಶೇಷ?” ಎಂದವರೇ ಹೆಲ್ಮೆಟ್ಟು, ಬಾಟಲಿ, ಜರ್ಕಿನ್ ಎಲ್ಲ ತೆಗೆದು ನನ್ನ ಕೈಗೆ ತುರುಕಿದರು. ಸಂಸಾರಕ್ಕೆ “ಕೂತ್ಕೊಳ್ಳಿ” ಎಂದರು. ಆಮೇಲೆ ನಾನು ಸರಿದು ಮಾಡಿಕೊಟ್ಟ ಜಾಗವನ್ನು ನೋಡಿ ಬೇಡವೆಂದು ತಲೆಯಾಡಿಸಿದರು. “ನಾನು ಒಬ್ಬಳೇ ಬಂದದ್ದು. ಒಬ್ಬಳೇ ಕೂತ್ಕೊಳ್ತೇನೆ. ನೀನೂ ಒಬ್ಬನೇ ಕೂತ್ಕೋ. ಸಾಯುದಿಲ್ಲ.” ಪರ್ಸಿನಿಂದ ತೆಂಗಿನೆಣ್ಣೆಯಲ್ಲಿ ಅದ್ದಿದ ಹತ್ತಿಯ ಎರಡು ಉಂಡೆ ತೆಗೆದು ನನ್ನ ಕೈಗಿಟ್ಟರು. “ಡ್ರಮ್ ಜೋರು ಇರ್ತದೆ. ಕಿವಿ ಒಂದೇ ಜೊತೆ ಇರುದು.”

ಸಭಾಂಗಣದ ಹಿಂಬದಿಯಲ್ಲಿ ಧ್ವನಿವರ್ಧಕದ ಯಂತ್ರಗಳನ್ನಿಟ್ಟ ಮೇಜಿತ್ತು. ಅದರ ಎದುರು ಕೂತಿದ್ದ ಬಿಳಿ ಟೋಪಿಯ ಬ್ಯಾರಿ ಸಮುದಾಯದ ಹಿರಿಯರು ಅವರನ್ನು ಕಂಡದ್ದೇ ಒಂದು ಕುರ್ಚಿ ಎಳೆದು ಒರೆಸಿಟ್ಟರು. “ಬನ್ನಿ ಟೀಚರೇ. ನಿಮ್ಮದು ಇಲ್ಲಿ ಉಂಟು.” ಆಗ ಗೊತ್ತಾಯಿತು, ಇವರು ಇಲ್ಲಿಗೆ ಹೊಸಬರಲ್ಲ.

ಆವತ್ತು ಹಾಡು ಶುರುವಾದ ಎರಡನೇ ನಿಮಿಷಕ್ಕೆ ನಾನು ಒಬ್ಬನೇ ಇದ್ದೇನೆಂಬುದು ಮರೆತುಹೋಯಿತು. ಪಕ್ಕದ ಸಂಸಾರದವರು ನನಗೆ ಒಂದು ಚಕ್ಕುಲಿಯನ್ನೂ ಕೊಟ್ಟರು. ಮುಗಿದ ಮೇಲೆ ನೋಡುತ್ತೇನೆ, ಟೀಚರ್ ವೇದಿಕೆಯ ಮೆಟ್ಟಿಲ ಬಳಿ ನಿಂತು ಉದ್ದ ಕೂದಲಿನ ಡ್ರಮ್ಮರನ್ನು ಬೆರಳು ಮಡಚಿ ಕರೆಯುತ್ತಿದ್ದಾರೆ. “ಮೂರನೇ ಹಾಡಿನಲ್ಲಿ ನಿಂದು ಒಂದು ಪೆಟ್ಟು ತಪ್ಪಿತು.” ಅಷ್ಟು ಹೊತ್ತು ಸಭೆಯನ್ನು ನಡುಗಿಸಿದ ಆ ಮನುಷ್ಯ ಎರಡೂ ಕೈ ಕಟ್ಟಿ ನಿಂತು, “ಹೌದು ಟೀಚರ್. ಬೇರೆ ಯಾರಿಗೂ ಗೊತ್ತಾಗ್ಲಿಲ್ಲ ಅಂತ ಎಣಿಸಿದೆ” ಎಂದ.

ಅವರಿಗೆ ರಾಗ ತಾಳ ಯಾವುದನ್ನೂ ಯಾರೂ ಕಲಿಸಿರಲಿಲ್ಲ. ಬರೇ ಎಣಿಸುತ್ತಿದ್ದರು. ಎಣಿಸುತ್ತ ಎಣಿಸುತ್ತ ಒಂದು ಹಂತದಲ್ಲಿ ಎಣಿಕೆ ತಪ್ಪಿಹೋಗುತ್ತದಂತೆ. “ಅದಕ್ಕೇ ಬರುದು ನಾನು” ಎಂದು ಒಮ್ಮೆ ಹೇಳಿದ್ದರು.

ಹೀಗೆ ಆರಂಭವಾದದ್ದು ನಾಲ್ಕೈದು ವರ್ಷ ನಡೆಯಿತು. ಕಾಲೇಜಿನ ಮೈದಾನ, ಚರ್ಚಿನ ಹಾಲ್, ಕಡಲ ಬದಿಯ ಮರಳು, ಹತ್ತು ಮೇಜಿನ ಸಣ್ಣ ಹೋಟೆಲು... ಎಲ್ಲಿ ಗಿಟಾರು ಹಿಡಿದವರು ಬಂದರೂ ನಾವಿಬ್ಬರೂ ಹೋಗುತ್ತಿದ್ದೆವು. ಅವರ ಮನೆಯೂ ನಮ್ಮ ಮನೆಯೂ ಮಂಗಳಾದೇವಿ ಗುಡಿಯ ಆಸುಪಾಸಿನಲ್ಲೇ ಇದ್ದುದರಿಂದ ನಾನು ಬೈಕು ಬಿಟ್ಟು ಅವರ ಜೊತೆ ಬಸ್ಸಿಗೇ ಬರತೊಡಗಿದೆ. ಆದರೆ ಗೇಟಿನ ಬಳಿ ತಲುಪಿದ ಕೂಡಲೇ ಅವರು ನನ್ನನ್ನು ಗುರುತೇ ಇಲ್ಲದವರಂತೆ ಬಿಟ್ಟು ಹೋಗುತ್ತಿದ್ದರು. ಒಳಗೆ ಕಣ್ಣಿಗೆ ಕಣ್ಣು ಸಿಕ್ಕಿದರೂ ನಗುತ್ತಿರಲಿಲ್ಲ. ಒಮ್ಮೆ ಆ ಸಣ್ಣ ಹೋಟೆಲಿನಲ್ಲಿ ವೇಟರ್, “ಮೇಡಂ, ನಿಮ್ಮದು ಎಷ್ಟು ಜನ?” ಎಂದು ಕೇಳಿದ. “ಒಂದು” ಎಂದರು. “ಸರ್, ನಿಮ್ಮದು?” “ಒಂದು” ಎಂದೆ ನಾನು. ಜಾಗವಿಲ್ಲ, ಇಬ್ಬರೂ ಒಂದೇ ಮೇಜಿನಲ್ಲಿ ಕೂತುಕೊಳ್ಳಬಹುದಾ ಎಂದು ಅವನು ಕೇಳಿದ್ದಕ್ಕೆ ಟೀಚರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಮಾತಾಡುವ ಅಭ್ಯಾಸ ಇಲ್ಲದಿದ್ರೆ ಕೂತ್ಕೊಳ್ಳಲಿ” ಎಂದರು.

ಮಾತೆಲ್ಲ ವಾಪಸು ಬರುವಾಗ. ಬಸ್ಸು ಹತ್ತಿದ ಮೇಲೆ ಅವರ ಬಾಯಿಗೆ ಬ್ರೇಕಿಲ್ಲ. ಯಾರ ಗಂಟಲು ಸರಿಯಿರಲಿಲ್ಲ, ಯಾವ ಗಿಟಾರಿನವನು ತನ್ನನ್ನು ತಾನೇ ಮೆಚ್ಚಿಕೊಳ್ಳುತ್ತಿದ್ದ, ಕೊನೆಯ ಹಾಡು ಯಾಕೆ ಕೊನೆಯದಾಗಬಾರದಿತ್ತು... ಇಳಿಯುವ ಸ್ಟಾಪು ಬಂದರೆ ಅರ್ಧ ವಾಕ್ಯದಲ್ಲಿ ಇಳಿದುಬಿಡುತ್ತಿದ್ದರು. ಉಳಿದರ್ಧ ಮುಂದಿನ ಸಲ ಅಲ್ಲಿಂದಲೇ ಶುರು.

ಅವರಿಗೆ ಮದುವೆಯಾಗಿರಲಿಲ್ಲ. ತಂಗಿಯ ಮಗನ ಸಂಸಾರದ ಜೊತೆಗಿದ್ದರು. ಊರ ಯಜಮಾನಿಕೆಯ ಗುತ್ತಿನ ಮನೆತನ, ಮರ್ಯಾದೆಯ ಜನ. ಇವರು ಭಾನುವಾರ ಸಂಜೆ ಭಜನೆಗೆ ಹೋಗುತ್ತಾರೆಂದು ಮನೆಯವರೆಲ್ಲ ತಿಳಿದಿದ್ದರು.

“ಸುಳ್ಳು ಹೇಳಿದ್ದಾ ಟೀಚರ್?”

“ಇಲ್ಲಪ್ಪ. ಅವರೇ ಅಂದಾಜು ಮಾಡಿದ್ದು. ನಾನು ತಿದ್ದಲಿಲ್ಲ. ಮೂವತ್ತನಾಲ್ಕು ವರ್ಷ ಕಂಡವರ ತಪ್ಪನ್ನೆಲ್ಲ ತಿದ್ದಿದ್ದೇನೆ. ಇದೊಂದು ಬಿಟ್ಟೆ.”

“ಹೇಳಿದ್ರೆ ಬೇಡ ಅಂತಾರಾ?”

ಅವರು ಕಿಟಕಿಯ ಕಡೆ ತಿರುಗಿದರು. “ಬೇಡ ಅನ್ನುದಿಲ್ಲ. ಪಾಪದವರು. ಆದ್ರೆ ನೋಡು, ಶಾಲೆಯಲ್ಲಿ ಇದ್ದಷ್ಟು ದಿನ ಮಕ್ಕಳು ಕೇಳುದು. ಮನೆಗೆ ಬಂದ್ರೆ ದೊಡ್ಡಮ್ಮ ಅದೆಲ್ಲಿ, ದೊಡ್ಡಮ್ಮ ಇದೆಲ್ಲಿ. ಎಲ್ಲರೂ ನನ್ನ ಹತ್ರ ಕೇಳುದೇ. ಇಲ್ಲಿ ಯಾರೂ ಎಂತದೂ ಕೇಳುದಿಲ್ಲ. ನಾನು ಮಾತ್ರ ಕೇಳುದು.”

ಇಷ್ಟು ತಿಳಿದೂ ನಾನು ಒಂದು ಪೆದ್ದುತನ ಮಾಡಿದೆ.

ನನಗೆ ಮದುವೆಗೆ ಹುಡುಗಿ ಗೊತ್ತಾಗಿತ್ತು. ಕಂಕನಾಡಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಅವಳ ಕೆಲಸ. ಅವಳನ್ನು ಮೊದಲ ಸಲ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದೆ. ಹೋದವನು ಸುಮ್ಮನಿರಬೇಕಿತ್ತು. ನಾನೆಷ್ಟು ವಿಶೇಷದ ಮನುಷ್ಯ ಎಂದು ತೋರಿಸುವ ಉತ್ಸಾಹದಲ್ಲಿ, ಹಾಡು ನಡೆಯುತ್ತಿರುವಾಗಲೇ ಅವಳ ಕೈ ಹಿಡಿದು ಟೀಚರ್ ಬಳಿಗೆ ಎಳೆದುಕೊಂಡು ಹೋದೆ. “ಇವರೇ ನನ್ನ ಲೆಕ್ಕದ ಟೀಚರ್!” ಎಂದು ಅವರ ಹತ್ತಿ ಇಟ್ಟ ಕಿವಿಗೆ ಕೂಗಿದೆ. ಟೀಚರ್ ಬೆಚ್ಚಿ ಕಣ್ಣು ಬಿಟ್ಟರು. ಅವರ ಎಣಿಕೆ ಎಲ್ಲಿಗೆ ಹೋಗಿತ್ತೋ, ಅಲ್ಲಿಂದ ಅವರನ್ನು ನಾನು ಕುತ್ತಿಗೆ ಹಿಡಿದು ತಂದಂತಾಯಿತು. ನನ್ನ ಹುಡುಗಿ ಖುಷಿಯಿಂದ ಮೂವರ ಸೆಲ್ಫಿ ತೆಗೆದಳು. ಬೆಳಿಗ್ಗೆ ಅದನ್ನು ಸ್ಟೇಟಸ್ಸಿಗೆ ಹಾಕಿದಳು. ಅವಳ ಪಕ್ಕದ ಮೇಜಿನಲ್ಲಿ ಕೆಲಸ ಮಾಡುವವಳು ಟೀಚರ ತಂಗಿಯ ಮಗನ ಹೆಂಡತಿ ಎಂಬುದು ಅವಳಿಗೂ ನನಗೂ ಗೊತ್ತಾದದ್ದು ಫೋಟೋ ಟೀಚರ ಮನೆ ತಲುಪಿದ ಮೇಲೆ.

ಮುಂದಿನ ಕಾರ್ಯಕ್ರಮದ ವಾರ ಟೀಚರ್ ನಮ್ಮ ಅಂಗಡಿಗೇ ಬಂದರು. ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತು ನನ್ನ ಮುಖ ನೋಡುತ್ತ ಸುಮ್ಮನಾದರು.

“ಮನೆಯಲ್ಲಿ ಬೈದ್ರಾ ಟೀಚರ್?”

“ಬೈದಿದ್ರೆ ಎಷ್ಟೋ ಒಳ್ಳೆಯದಿತ್ತು. ‘ಒಬ್ಬರೇ ಯಾಕೆ ಹೋಗುದು ದೊಡ್ಡಮ್ಮ, ನಮ್ಮತ್ರ ಹೇಳ್ಬಾರ್ದಾ’ ಅಂತ ತಂಗಿ ಮಗ ಕಣ್ಣಲ್ಲಿ ನೀರು ಹಾಕಿದ. ಇನ್ನು ಮೇಲೆ ಎಲ್ಲರೂ ಒಟ್ಟಿಗೆ ಬರ್ತಾರಂತೆ.”

ಬಂದರು. ತಂಗಿ, ತಂಗಿಯ ಮಗ, ಅವನ ಹೆಂಡತಿ, ಎರಡು ಮಕ್ಕಳು. ಒಂದು ಚೀಲದ ತುಂಬ ಬನ್ಸು, ಫ್ಲಾಸ್ಕಿನಲ್ಲಿ ಚಾ, ಟೀಚರಿಗೆ ಶೀತವಾಗದಂತೆ ಶಾಲು. ಅವರನ್ನು ಮಧ್ಯೆ ಕೂರಿಸಿ, ಎಡಕ್ಕೆ ತಂಗಿ, ಬಲಕ್ಕೆ ಮಗ, ತೊಡೆಯ ಮೇಲೆ ಸಣ್ಣ ಮಗು. “ದೊಡ್ಡಮ್ಮ, ಫ್ಯಾನ್ ಜಾಸ್ತಿ ಆಯ್ತಾ?” “ದೊಡ್ಡಮ್ಮ, ಇವನು ಹಾಡುದು ಯಾವ ಭಾಷೆ?” “ಅಕ್ಕ, ಒಂದು ಬನ್ಸ್ ತಿನ್ನು.” ಯಾರಲ್ಲೂ ಒಂದು ಚೂರು ಕೆಟ್ಟತನವಿರಲಿಲ್ಲ. ಟೀಚರ್ ಶಾಲು ಹೊದ್ದು, ಕೈಯಲ್ಲಿ ಬನ್ಸ್ ಹಿಡಿದು, ವೇದಿಕೆಯನ್ನು ನೋಡುತ್ತಿದ್ದರು. ಒಮ್ಮೆ ಮಾತ್ರ ಹಿಂದೆ ತಿರುಗಿದರು. ಧ್ವನಿಯ ಮೇಜಿನ ಪಕ್ಕದಲ್ಲಿ ಅವರ ಕುರ್ಚಿ ಖಾಲಿಯಿತ್ತು. ಅದನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ಆವತ್ತು ಮನೆಯವರ ಜೊತೆ ಕಾರಿನಲ್ಲಿ ಹೋದರು. ನಾನು ಬಸ್ಸಿನಲ್ಲಿ ಒಬ್ಬನೇ ಬಂದೆ.

ಮುಂದಿನ ಸಲ ನಾನು ತಯಾರಾಗಿ ಹೋಗಿದ್ದೆ. ಬಾಗಿಲಲ್ಲೇ ಆ ಸಂಸಾರವನ್ನು ಹಿಡಿದೆ. “ಅಣ್ಣ, ಹಿಂದೆ ಕೂತ್ರೆ ಎಂತದೂ ಕಾಣುದಿಲ್ಲ. ಬನ್ನಿ, ಎದುರಿನ ಸಾಲಿನಲ್ಲಿ ಜಾಗ ಹಿಡ್ದಿದ್ದೇನೆ.” ಕರೆದೊಯ್ದು ಕೂರಿಸಿದ್ದು ಅಲ್ಮೇರಾದಷ್ಟು ಎತ್ತರದ ಸ್ಪೀಕರಿನ ಬುಡದಲ್ಲಿ. ಆ ಗಡಿಬಿಡಿಯಲ್ಲಿ ಟೀಚರ್ ದಿಂಬು ಸಮೇತ ಮಾಯವಾದರು. ಮಗ ಹುಡುಕಿದ. “ಟೀಚರಿಗೆ ಅಲ್ಲಿ ಹಿಂದೆ ಗಾಳಿ ಬರ್ತದಂತೆ” ಎಂದು ಸಮಾಧಾನ ಮಾಡಿದೆ. ಅವನು ಪಾಪ ಎದ್ದು ಹೋಗದಂತೆ ಅವನ ಪಕ್ಕದಲ್ಲೇ ಕೂತು ಕನ್ನಡಕದ ಪವರಿನ ಬಗ್ಗೆ ಅವನು ಕೇಳಿದ್ದಕ್ಕೆಲ್ಲ ಕೂಗಿ ಕೂಗಿ ಉತ್ತರ ಕೊಟ್ಟೆ. ಸ್ಪೀಕರು ಗುಡುಗಿದಾಗ ಸಣ್ಣ ಮಗು ಅಳತೊಡಗಿತು. ಅದನ್ನು ಎತ್ತಿಕೊಂಡು ಗೇಟಿನವರೆಗೆ ಹೋದೆ. ಅಲ್ಲಿ ಅದಕ್ಕೆ ನಾಯಿ ತೋರಿಸುತ್ತಿರುವಾಗ, ನಾನು ಎರಡು ವರ್ಷದಿಂದ ಎದುರಿನಲ್ಲಿ ಕೇಳಬೇಕೆಂದು ಕಾದಿದ್ದ ಹಾಡು ಒಳಗೆ ಶುರುವಾಯಿತು. ಗೋಡೆಯಾಚೆಯಿಂದ ಬರೇ ಧಪ್ ಧಪ್ ಕೇಳುತ್ತಿತ್ತು. ಮಗು ನನ್ನ ಮೂಗು ಹಿಡಿದೆಳೆಯಿತು.

ಹೀಗೆ ಮೂರು ಕಾರ್ಯಕ್ರಮ. ಮೂರನೆಯದಕ್ಕೆ ಧ್ವನಿಯ ಮೇಜಿನ ಹಿರಿಯರೂ ತಮ್ಮ ಕೈಲಾದ ಸಹಾಯ ಮಾಡಿದರು. ಎದುರಿನ ಸ್ಪೀಕರಿನದ್ದು ಯಾವುದೋ ಒಂದು ಗುಂಡಿಯನ್ನು ಸ್ವಲ್ಪವೇ ಸ್ವಲ್ಪ ತಿರುಗಿಸಿ ಬೇರೆ ಕಡೆ ನೋಡಿದರು. ಟೀಚರ ತಂಗಿ ದವಡೆ ಹಿಡಿದುಕೊಂಡು ಎದ್ದರು. “ಹಲ್ಲಿನ ಸೆಟ್ ಅಲ್ಲಾಡ್ತದೆ ಮಾರಾಯ! ಅಕ್ಕನಿಗೆ ಬೇಕಾದ್ರೆ ಅವಳೇ ಬಂದು ಸಾಯ್ಲಿ!” ಮಗನೂ ನಿಟ್ಟುಸಿರು ಬಿಟ್ಟು, “ಎಲ್ಲ ಹಾಡೂ ಒಂದೇ ರೀತಿ ಕೇಳ್ತದೆ ಮಾರ್ರೆ. ನೀವು ಹೇಗೂ ಇರ್ತೀರಲ್ಲ, ದೊಡ್ಡಮ್ಮನನ್ನು ಸ್ವಲ್ಪ ನೋಡ್ಕೊಳ್ಳಿ” ಎಂದ. ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ.

ಆಮೇಲಿನ ಭಾನುವಾರ ಟೀಚರ್ ಬಸ್ ಸ್ಟಾಪಿನಲ್ಲಿ ಒಬ್ಬರೇ ನಿಂತಿದ್ದರು. ಹೋಗುವಾಗ ಒಂದಕ್ಷರ ಮಾತಿಲ್ಲ. ವಾಪಸು ಬರುವಾಗ ಟಿಕೆಟ್ ಮಾಡಿಸಿ, ಎದುರಿನ ಸೀಟಿನ ಬೆನ್ನು ನೋಡುತ್ತ, “ಮೂವತ್ತೈದು” ಎಂದರು.

“ನೂರಕ್ಕಾ ಟೀಚರ್? ಅಷ್ಟೇಯಾ?”

“ಪಾಸ್ ಆದ್ಯಲ್ಲ. ಅದೇ ದೊಡ್ಡದು.” ಟಿಕೆಟನ್ನು ಪರ್ಸಿಗೆ ಹಾಕಿ ಕೇಳಿದರು, “ಆ ಹಾಡು ತಪ್ಪಿತಲ್ಲ ನಿಂಗೆ. ಮಗುವನ್ನು ಎತ್ತಿಕೊಂಡು ಹೋದಾಗ.” ಅವರು ಗಮನಿಸಿದ್ದರು. ಆಮೇಲೆ ಮಂಗಳಾದೇವಿ ಬರುವವರೆಗೆ, ಆ ಹಾಡು ಹೇಗಿತ್ತು, ಎಲ್ಲಿ ಡ್ರಮ್ ನಿಂತಿತು, ನಿಂತಲ್ಲಿ ಎಷ್ಟು ಎಣಿಕೆಯ ಮೌನವಿತ್ತು, ಎಲ್ಲವನ್ನೂ ಬಸ್ಸಿನ ಕಂಬಿಯ ಮೇಲೆ ಬೆರಳಿನಿಂದ ಬಡಿದು ತೋರಿಸಿದರು. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.

ಟೀಚರ್ ತೀರಿಕೊಂಡದ್ದು ಎರಡು ವರ್ಷದ ಹಿಂದೆ. ಹೆಚ್ಚು ದಿನ ಮಲಗಲಿಲ್ಲ. ನನಗೆ ಗೊತ್ತಾಗುವಾಗ ಎಲ್ಲ ಮುಗಿದಿತ್ತು... ಹದಿಮೂರನೆಯ ದಿನದ ಬೊಜ್ಜದ ಊಟಕ್ಕೆ ಹೋದೆ. ನೆಂಟರು, ಶಾಲೆಯ ಹಳೆಯ ಮಾಸ್ಟರುಗಳು, ನೆರೆಕರೆಯವರು ಗುಂಪುಗುಂಪಾಗಿ ಕೂತಿದ್ದರು. ಅವರ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು ಯಾರ ಗುಂಪಿಗೂ ಸೇರದವರಿದ್ದರು. ಬಿಳಿ ಟೋಪಿಯ ಧ್ವನಿಯ ಹಿರಿಯರು ಒಂದು ಮೂಲೆಯಲ್ಲಿ. ಬಾಗಿಲ ಬಳಿ ಕೂದಲನ್ನು ಗಂಟು ಕಟ್ಟಿ, ಇದ್ದ ಒಂದೇ ಬಿಳಿ ಅಂಗಿ ಹುಡುಕಿ ಹಾಕಿಕೊಂಡು ಬಂದಿದ್ದ ಡ್ರಮ್ಮರ್. ಆ ಸಣ್ಣ ಹೋಟೆಲಿನ ವೇಟರ್. ನನಗೆ ಮುಖ ಮಾತ್ರ ಗೊತ್ತಿದ್ದ ಇನ್ನೂ ಇಬ್ಬರು. ಎಲ್ಲರೂ ಒಬ್ಬೊಬ್ಬರೇ ಬಂದವರು. ತಂಗಿಯ ಮಗ ಗೊಂದಲದಿಂದ ಡ್ರಮ್ಮರ್ ಬಳಿ ಹೋಗಿ ಮೆಲ್ಲಗೆ, “ನೀವು ಯಾರ ಕಡೆಯವರು?” ಎಂದು ಕೇಳಿದ.

“ಟೀಚರ್ ಕಡೆ” ಎಂದ ಅವನು.

ಮನೆಯವರು ಅವನ ಕೈ ಹಿಡಿದು ಊಟಕ್ಕೆ ಕೂರಿಸಿದರು. ಅವನ ಪಕ್ಕದಲ್ಲಿ ನಾನು ಕೂತೆ. ಮಗನ ಹೆಂಡತಿ ಬಡಿಸುತ್ತ ಬಂದವಳು ನನ್ನ ಎದುರು ನಿಂತು, “ಅಲ್ಲಿ ಹೋದ್ರೆ ದೊಡ್ಡಮ್ಮ ಖುಷಿಯಲ್ಲಿ ಇರ್ತಿದ್ರಾ ಅಣ್ಣ?” ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ. ಅವಳು ಇನ್ನೊಂದು ಸೌಟು ಪಾಯಸ ಹಾಕಿ ಮುಂದೆ ಹೋದಳು.

ಮೊನ್ನೆ ಭಾನುವಾರ ನಗರದಲ್ಲಿ ಒಂದು ಹೊಸ ತಂಡದ ಕಾರ್ಯಕ್ರಮವಿತ್ತು. ಒಬ್ಬನೇ ಹೋದೆ. ಹೋಗುವುದಕ್ಕೆ ಈಗ ನನಗೆ ಯಾವ ಸಂಕೋಚವೂ ಇಲ್ಲ. ನಡುವಿನ ಸಾಲಿನಲ್ಲಿ ಆರಾಮವಾಗಿ ಕೂತು, ಕಣ್ಣು ಮುಚ್ಚಿ ಕೇಳಿದೆ. ಆ ತಂಡದಲ್ಲಿ ಕೊಳಲು ನುಡಿಸುವ ಹೆಂಗಸೊಬ್ಬಳಿದ್ದಳು. ಅವಳು ಉಸಿರು ಎಲ್ಲಿ ತೆಗೆದುಕೊಳ್ಳುತ್ತಿದ್ದಳೋ ಕೊನೆಯವರೆಗೂ ಗೊತ್ತಾಗಲಿಲ್ಲ.

ಮುಗಿದ ಮೇಲೆ ಬಸ್ಸು ಹತ್ತಿದೆ. ಕಷ್ಟವಾಗುವುದು ಅಲ್ಲಿಂದ ಆಚೆಗೆ. ಹೇಳಬೇಕಾದದ್ದೆಲ್ಲ ಗಂಟಲಿಗೆ ಬಂದು ಕೂತಿರುತ್ತದೆ. ಪಕ್ಕದ ಸೀಟಿನಲ್ಲಿ ತರಕಾರಿ ಚೀಲ ಹಿಡಿದ ಹಿರಿಯರೊಬ್ಬರು ಕಿಟಕಿಯಾಚೆ ನೋಡುತ್ತಿದ್ದರು.

“ಕೊಳಲಿನವರು ಭಾರೀ ಚೆನ್ನಾಗಿ ನುಡಿಸಿದ್ರು” ಎಂದೆ.

ಅವರು ತಿರುಗಿ, “ಎಂತ?” ಎಂದರು.

“ಎಂತ ಇಲ್ಲ” ಎಂದೆ.